ಕಲ್ಲುಗಳ ಬೆನ್ನು ಹತ್ತಿದ ಮೇಷ್ಟ್ರು

ಸಾವಿರ ವರ್ಷಕ್ಕೂ ಹಿಂದೆ ಸತ್ತ ಒಂದು ನಾಯಿಯ ಹೆಸರು ನಮಗೆ ಇವತ್ತಿಗೂ ಗೊತ್ತು. ಅದರ ಹೆಸರು ಕಾಳಿ. ನಮ್ಮ ಹಲಗೂರಿಗೆ ಪಕ್ಕದ ತಾಲ್ಲೂಕಾದ ಮದ್ದೂರಿನ ಆತಕೂರಿನಲ್ಲಿ ಸಿಕ್ಕ ಕಲ್ಲಿನ ಮೇಲೆ ಅದರ ಕಥೆ ಇದೆ. ಗಂಗರ ದೊರೆ ಬೂತುಗ ತನ್ನ ಬಂಟ ಮಣಲೇರನ ಶೌರ್ಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಆತ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿಯನ್ನು ಕೇಳಿದ. ಮುಂದೊಂದು ದಿನ ಬೇಟೆಯಲ್ಲಿ ಕಾಳಿಯೂ ಒಂದು ದೊಡ್ಡ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕ್ರಿ.ಶ. 949ರ ಸುಮಾರಿನ ಈ ಕಲ್ಲಿನಲ್ಲೇ, ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿಯೂ ಇದೆ. ದಕ್ಷಿಣ ಭಾರತದ ಇತಿಹಾಸ ಬರೆಯುವವರು ಈ ಕಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಆತಕೂರಿನ ಈ ಬರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೇ ಸಂಪುಟದಲ್ಲಿ ಅಚ್ಚಾಗಿದೆ. ಆ ಸಂಪುಟ ಹೊರಬಂದದ್ದು 1894ರಲ್ಲಿ. ಅದನ್ನು ತಂದವರು ಬೆಂಜಮಿನ್ ಲೂಯಿ ರೈಸ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಹೆಸರು ಒಂದು ಅಂಕದ ಪ್ರಶ್ನೆ. ಶಾಸನ ಪಿತಾಮಹ ಯಾರು ಎಂದರೆ ಬಿ.ಎಲ್. ರೈಸ್ ಎಂದು ಟಿಕ್ ಹಾಕಿ ಮುಂದಕ್ಕೆ ಹೋಗುತ್ತೇವೆ. ಆ ಒಂದು ಅಂಕದ ಹಿಂದೆ ನಲವತ್ತಾರು ವರ್ಷಗಳ ಸರ್ಕಾರಿ ನೌಕರಿ ಇದೆ.

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈಯಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಹಳೆ ಎಂಜಿನಿಯರಿಂಗ್ ಪುಸ್ತಕ, ಕೆಪಿಎಸ್‌ಸಿ ಗೈಡು ಹುಡುಕಿಕೊಂಡು ಅವೆನ್ಯೂ ರಸ್ತೆಗೆ ಹೋದವರು ಅಲ್ಲಿ ರೈಸ್ ಮೆಮೋರಿಯಲ್ ಚರ್ಚ್ ನೋಡಿರುತ್ತೀರಿ. ಅದು ಮಗನ ನೆನಪಿನದಲ್ಲ, ತಂದೆಯದು. ಓದಿಗೆಂದು ಇಂಗ್ಲೆಂಡಿಗೆ ಹೋದ ಮಗ 1860ರಲ್ಲಿ ವಾಪಸು ಬಂದು ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾದರು. ಆಗ ವಯಸ್ಸು ಇಪ್ಪತ್ಮೂರೂ ತುಂಬಿತ್ತೋ ಇಲ್ಲವೋ. ಅದೇ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು.

ಐದು ವರ್ಷದಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲಾ ಇನ್‌ಸ್ಪೆಕ್ಟರ್ ಆದರು. ನನ್ನ ಲೆಕ್ಕದಲ್ಲಿ ಅವರ ಬದುಕು ತಿರುಗಿದ್ದು ಇಲ್ಲಿಯೇ. ಶಾಲೆ ತಪಾಸಣೆ ಎಂದರೆ ಊರೂರು ಅಲೆಯುವ ಕೆಲಸ. ಬೆಂಗಳೂರು–ಮೈಸೂರು ರೈಲು ಬಂದದ್ದೇ 1880ರ ದಶಕದಲ್ಲಿ. ಅದಕ್ಕೆ ಮುಂಚೆ ಕುದುರೆ, ಎತ್ತಿನ ಗಾಡಿ, ಇಲ್ಲವೇ ಕಾಲ್ನಡಿಗೆ. ಹೋಬಳಿಗೊಂದು ಶಾಲೆ ಎಂಬ ಯೋಜನೆ ಮೈಸೂರಿನಲ್ಲಿ ಶುರುವಾದದ್ದು 1868ರಲ್ಲಿ, ರೈಸ್ ಶಿಕ್ಷಣ ಇಲಾಖೆಯ ಮೇಲಿನ ಹುದ್ದೆಯಲ್ಲಿದ್ದಾಗ. ಹೋಬಳಿ ಊರಿನವನಾದ ನನಗೆ ಶಾಸನಗಳಷ್ಟೇ ಇದೂ ಮುಖ್ಯ ಅನ್ನಿಸುತ್ತದೆ. ಶಾಲೆ ನೋಡಲು ಹೋದಲ್ಲೆಲ್ಲ ದೇವಸ್ಥಾನದ ಗೋಡೆಯಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು ಎದುರಾಗುತ್ತಿದ್ದವು. ಹಳಗನ್ನಡದ ಆ ಬರಹ ಊರವರಿಗೂ ಓದಲು ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸಂಸ್ಥಾನದ ಶಾಸನಗಳ ಫೋಟೊ ತೆಗೆದಿದ್ದರು. ಅವನ್ನು ಓದಿ ಅರ್ಥ ಹೇಳುವ ಕೆಲಸ ರೈಸ್ ಪಾಲಿಗೆ ಬಂತು. ಅದರ ಫಲ 1879ರಲ್ಲಿ ಬಂದ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’. ಅದಕ್ಕೂ ಮೊದಲೇ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದು ಮುಗಿಸಿದ್ದರು. 1881ರ ಜನಗಣತಿಯ ವರದಿಯೂ ಅವರದೇ. ಇಷ್ಟೆಲ್ಲ ಆದ ಮೇಲೆ ಪುರಾತತ್ವದ ಹೊಣೆ ಬಂತು. ಮೊದಲಿಗೆ ಅದು ಇರುವ ಕೆಲಸದ ಜೊತೆಗಿನ ಕೆಲಸ. ಅದಕ್ಕೇ ಪೂರ್ಣಾವಧಿ ನಿರ್ದೇಶಕರಾದದ್ದು 1890ರಲ್ಲಿ, ಐವತ್ತು ದಾಟಿದ ಮೇಲೆ. ಮೂವತ್ತರೊಳಗೆ ಸೆಟಲ್ ಆಗದಿದ್ದರೆ ಕಥೆ ಮುಗಿಯಿತು ಎನ್ನುವ ನಮ್ಮ ಹಾಸ್ಟೆಲ್ ತತ್ವಜ್ಞಾನಿಗಳು ಇದನ್ನು ಗಮನಿಸಬಹುದು.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವ ಕ್ರಮ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಷ್ಟವಾಗುವಂಥದ್ದು. ಕಲ್ಲನ್ನು ತೊಳೆದು ಉಜ್ಜಿ, ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಯಬೇಕು. ಅಕ್ಷರದ ತಗ್ಗಿನೊಳಗೆ ಕಾಗದ ಕೂತ ಮೇಲೆ ಮಸಿ ಒತ್ತಿದರೆ ಸುತ್ತೆಲ್ಲ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇವತ್ತಿಗೂ ಇದೇ ಪದ್ಧತಿ ಬಳಕೆಯಲ್ಲಿದೆ. ಹೀಗೆ ತಂದ ಬರಹವನ್ನು ಪಂಡಿತರು ಕೂತು ಬಿಡಿಸುತ್ತಿದ್ದರು. ಆ ಪಂಡಿತರ ಹೆಸರು ಎಷ್ಟು ಜನರಿಗೆ ಗೊತ್ತು? ಮುಖಪುಟದಲ್ಲಿ ರೈಸ್ ಒಬ್ಬರೇ ಇದ್ದಾರೆ. ಅವರ ದೊಡ್ಡತನ ಒಪ್ಪಿಕೊಂಡೇ ಈ ಮಾತು ಹೇಳಬೇಕಾಗುತ್ತದೆ.

1886ರಲ್ಲಿ ಕೊಡಗಿನ ಶಾಸನಗಳು ಬಂದವು, 1889ರಲ್ಲಿ ಶ್ರವಣಬೆಳಗೊಳದವು. ಹೀಗೆ ಸುಮಾರು ಇಪ್ಪತ್ತು ವರ್ಷದಲ್ಲಿ ಹನ್ನೆರಡು ಸಂಪುಟ, ಒಂಬತ್ತು ಸಾವಿರದ ಹತ್ತಿರ ಶಾಸನ. ತಾಲ್ಲೂಕುವಾರು ಸಂಖ್ಯೆ, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ. ಇಂದಿನ ಭಾಷೆಯಲ್ಲಿ ಇದೊಂದು ಡೇಟಾಬೇಸ್. ಪ್ರತಿ ಕಲ್ಲಿಗೂ ಒಂದು ಐಡಿ.

ಅವರ ಅತಿ ದೊಡ್ಡ ಶೋಧ 1892ರದ್ದು. ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಅವರು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂಬುದಕ್ಕೆ ಬಂಡೆಯೇ ಸಾಕ್ಷಿಯಾಯಿತು. ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ಕೊನೆಯ ಒಂದು ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿದೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಈ ಬಂಡೆಗಳಲ್ಲಿ ದೊರೆಯ ಬಿರುದಿತ್ತೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಹೆಸರು ಸಿಕ್ಕಿದ್ದು 1915ರಲ್ಲಿ ರಾಯಚೂರಿನ ಮಸ್ಕಿಯಲ್ಲಿ, ಅದೂ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ. ನಮ್ಮವರೂ ಇತಿಹಾಸಕ್ಕೆ ಒಂದಿಷ್ಟು ಕೊಟ್ಟಿದ್ದಾರೆ.

ರೈಸ್ ಹೇಳಿದ್ದೆಲ್ಲ ನಿಲ್ಲಲಿಲ್ಲ. ಗಂಗರ ಕೆಲವು ತಾಮ್ರಪಟಗಳನ್ನು ಅವರು ನಂಬಿದರು. ಅಷ್ಟೇ ದೊಡ್ಡ ವಿದ್ವಾಂಸರಾದ ಫ್ಲೀಟ್ ಅವು ಆಮೇಲೆ ಸೃಷ್ಟಿಸಿದ ಖೋಟಾ ಪಟಗಳೆಂದು ವಾದಿಸಿದರು. ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದ ಐತಿಹ್ಯದ ಮೇಲೂ ಇಬ್ಬರಿಗೂ ಜಗಳ. ಓದುವುದಕ್ಕೆ ಅವಸರ ಮಾಡಿದ್ದರಿಂದ ಪಾಠದ ತಪ್ಪುಗಳೂ ಉಳಿದವು. ಶ್ರವಣಬೆಳಗೊಳ ಸಂಪುಟದಲ್ಲಿ ರೈಸ್ ಕೊಟ್ಟದ್ದು 144 ಶಾಸನ. 1923ರಲ್ಲಿ ಅದನ್ನು ಪರಿಷ್ಕರಿಸಿದ ಆರ್. ನರಸಿಂಹಾಚಾರ್ಯರು 500 ಕೊಟ್ಟರು. ಆದರೂ ಆ ಅವಸರವನ್ನು ನಾನು ದೋಷ ಎನ್ನಲಾರೆ. ಒಂದೊಂದನ್ನೇ ತಿದ್ದುತ್ತ ಕೂತಿದ್ದರೆ ಅಷ್ಟರಲ್ಲಿ ಎಷ್ಟು ಕಲ್ಲು ಒಗೆಯುವ ಕಲ್ಲಾಗುತ್ತಿದ್ದವೋ, ಮೋರಿಯ ಚಪ್ಪಡಿಯಾಗುತ್ತಿದ್ದವೋ.

ಶಾಸನಗಳ ನಡುವೆಯೇ ಅವರು ಹಳಗನ್ನಡ ಕಾವ್ಯಗಳನ್ನೂ ತಾಳೆಗರಿಯಿಂದ ಅಚ್ಚಿಗೆ ತಂದರು. ಪಂಪಭಾರತ ಅವರ ಮಾಲೆಯಲ್ಲಿ 1898ರಲ್ಲಿ ಬಂತು. ಕನ್ನಡ ಸಾಹಿತ್ಯ ಚರಿತ್ರೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇವರ ತಮ್ಮ. ಅಣ್ಣ ತಮ್ಮಂದಿರ ಹೆಸರು ಪರೀಕ್ಷೆಯಲ್ಲಿ ಅದಲುಬದಲಾಗುವುದು ಮಾಮೂಲು.

1906ರಲ್ಲಿ ರೈಸ್ ನಿವೃತ್ತರಾದರು. 1899ರಿಂದ ಅವರ ಸಹಾಯಕರಾಗಿದ್ದ ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದರು. ಇಂಗ್ಲೆಂಡಿಗೆ ಹೋದ ಮೇಲೂ ರೈಸ್ ಸುಮ್ಮನಿರಲಿಲ್ಲ. ಶಾಸನಗಳಿಂದಲೇ ಕಟ್ಟಿದ ಮೈಸೂರು–ಕೊಡಗಿನ ಇತಿಹಾಸವನ್ನು 1909ರಲ್ಲಿ ಪ್ರಕಟಿಸಿದರು. 1927ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಹ್ಯಾರೋದಲ್ಲಿ ತೀರಿಕೊಂಡರು.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಮತ್ತು ಹಂದಿ ಕಾದುವ ಚಿತ್ರ ಅದರ ಮೇಲೆಯೇ ಇದೆ. ಕಲ್ಲು ಊರು ಬಿಟ್ಟು ಹೋದದ್ದಕ್ಕೆ ನಮ್ಮ ಕಡೆಯವನಾಗಿ ನನಗೆ ಬೇಸರವಿದೆ. ಆದರೆ ನಿಧಿ ಆಸೆಗೆ ವೀರಗಲ್ಲುಗಳನ್ನು ಕಿತ್ತು ಒಡೆಯುವ ಸುದ್ದಿ ಓದಿದಾಗಲೆಲ್ಲ, ಹೋದದ್ದೇ ಒಳ್ಳೆಯದಾಯಿತೇನೋ ಅನ್ನಿಸುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಅಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಪರದೆಯ ಮೇಲೆ ಎದ್ದು ಬರುತ್ತದೆ. ಅದಕ್ಕೆ ಬೇಕಾದ ಗಣಿತವನ್ನು ನಾವು ಲ್ಯಾಬಿನಲ್ಲಿ ಅಂಕಕ್ಕೋಸ್ಕರ ಮಾಡುತ್ತಿದ್ದೇವೆ.

ರೈಸ್ ಅವರ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಳವಳ್ಳಿ ತಾಲ್ಲೂಕಿನವು ಮೂರನೇ ಸಂಪುಟದಲ್ಲೇ ಇವೆ, ಊರಿನ ಹೆಸರು, ಕಲ್ಲು ನಿಂತಿರುವ ಜಾಗ ಎರಡನ್ನೂ ಬರೆದಿದ್ದಾರೆ. ಈ ಸೆಮಿಸ್ಟರ್ ಮುಗಿದ ಕೂಡಲೇ ನಾನು ಮತ್ತು ಇಬ್ಬರು ಗೆಳೆಯರು ಆ ಪಟ್ಟಿ, ಒಂದು ಬೈಕು, ಒಂದು ಮೊಬೈಲ್ ಕ್ಯಾಮೆರಾ ಹಿಡಿದು ಹೊರಡಲಿದ್ದೇವೆ. 1894ರಲ್ಲಿ ಇದ್ದ ಕಲ್ಲುಗಳಲ್ಲಿ ಈಗ ಎಷ್ಟಿವೆ, ಎಲ್ಲಿವೆ ಎಂದು ಗುರುತು ಹಾಕಿಕೊಂಡು ಬರಬೇಕು.