ಬೆರಳಿಗೆ ಮಣಿದ ವಿದ್ಯುತ್ತು

ವೀಣೆಯನ್ನು ನುಡಿಸಿದವರ ಹೆಸರನ್ನು ಲೋಕ ನೆನಪಿಡುತ್ತದೆ; ಹಲಸಿನ ಮರವನ್ನು ಕೊರೆದು, ಮೇಣ ಹಚ್ಚಿ, ಮೆಟ್ಟಿಲು ಕೂರಿಸಿದವನ ಹೆಸರನ್ನು ಸಾಮಾನ್ಯವಾಗಿ ಮರೆಯುತ್ತದೆ. ವಿದ್ಯುತ್ತಿನಿಂದ ನಾದ ಹೊರಡಿಸುವ ವಾದ್ಯಗಳ ವಿಷಯದಲ್ಲಿ ಮಾತ್ರ ಮಾಡಿದವರ ಹೆಸರೇ ಮುಂದೆ ಬಂದಿದೆ. ಸಿಂಥಸೈಜರ್ ಎಂದೊಡನೆ ಅಮೆರಿಕದ ರಾಬರ್ಟ್ ಮೋಗ್ ನೆನಪಾಗುತ್ತಾರೆ. ಅದು ತಪ್ಪೇನಲ್ಲ. ಆದರೆ ಅವರಿಗಿಂತ ಒಂದೂವರೆ ದಶಕ ಮೊದಲೇ ಕೆನಡಾ ದೇಶದಲ್ಲಿ ಒಬ್ಬರು ಅಂಥ ವಾದ್ಯವನ್ನು ತಮ್ಮ ಮನೆಯಲ್ಲಿಯೇ ಕಟ್ಟಿ ನುಡಿಸಿದ್ದರು. ಹ್ಯೂ ಲೆಕೇನ್ ಎಂಬ ಈ ವಿಜ್ಞಾನಿಯ ಜೀವನವನ್ನು ನಮ್ಮ ಸಂಗೀತಪ್ರಿಯರು ಅರಿಯಬೇಕೆಂಬುದು ನನ್ನ ಆಸೆ. ಅವರು ಬಿಡಿಸಲು ಹೊರಟ ತೊಡಕು ನಮಗೂ ಪರಿಚಿತವಾದುದೇ.

ಲೆಕೇನ್ ಹುಟ್ಟಿದ್ದು 1914ರಲ್ಲಿ, ಸುಪೀರಿಯರ್ ಸರೋವರದ ದಡದ ಪೋರ್ಟ್ ಆರ್ಥರ್ ಎಂಬ ಊರಿನಲ್ಲಿ; ಆ ಊರು ಈಗ ಥಂಡರ್ ಬೇ ನಗರದಲ್ಲಿ ಸೇರಿಹೋಗಿದೆ. ಎಳವೆಯಲ್ಲಿಯೇ ಅವರಿಗೆ ಸಂಗೀತದ ಒಲವೂ ಯಂತ್ರಗಳ ಒಲವೂ ಒಟ್ಟಿಗೆ ಬೆಳೆದವು. ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನೂ ಎಂಜಿನಿಯರಿಂಗನ್ನೂ ಓದಿ, 1939ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಒಟ್ಟಾವಾ ನಗರದ ರಾಷ್ಟ್ರೀಯ ಸಂಶೋಧನಾ ಮಂಡಲಿಯನ್ನು ಸೇರಿದರು. ಮಹಾಯುದ್ಧದ ಕಾಲ, ರಾಡಾರ್ ಯಂತ್ರಗಳ ಕೆಲಸ ಅವರ ಪಾಲಿಗೆ ಬಂದಿತು. ಯುದ್ಧ ಮುಗಿದ 1945ರಲ್ಲಿ ಅವರು ಮನೆಯಲ್ಲಿಯೇ ಒಂದು ಕಾರ್ಯಾಗಾರವನ್ನು ಹೂಡಿಕೊಂಡರು. ಸರ್ಕಾರದ ಕೆಲಸ ಒಂದೆಡೆ, ಸಂಗೀತದ ಕೆಲಸ ಇನ್ನೊಂದೆಡೆ.

ಅವರನ್ನು ಕಾಡಿದ ತೊಡಕು ಯಾವುದು? ಹಾರ್ಮೋನಿಯಮ್ಮನ್ನು ನೆನೆಯೋಣ. ಅದರ ಕೀಲಿಯನ್ನು ಒತ್ತಿದರೆ ಸ್ವರ ಬರುತ್ತದೆ; ಆದರೆ ಆ ಸ್ವರ ಬಾಗುವುದಿಲ್ಲ, ಜಾರುವುದಿಲ್ಲ. ವೈಣಿಕನು ತಂತಿಯನ್ನು ಎಳೆದು ಮೂಡಿಸುವ ಗಮಕ ಅದಕ್ಕೆ ಒಲಿಯದು. ಈ ಕೊರತೆಯೂ ಒಂದು ಕಾರಣವಾಗಿ ಅಖಿಲ ಭಾರತ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟು, ಸುಮಾರು ಮೂರು ದಶಕಗಳ ಕಾಲ ಬಾಗಿಲು ತೆರೆಯಲಿಲ್ಲ. ಆ ಕಾಲದ ವಿದ್ಯುದ್ವಾದ್ಯಗಳಲ್ಲಿಯೂ ಬಹುಪಾಲಿನ ಸ್ಥಿತಿ ಇದೇ ಆಗಿತ್ತು: ನಾದ ಹೊರಡುತ್ತಿತ್ತು, ಆದರೆ ಅದರಲ್ಲಿ ನುಡಿಸುವವನ ಕೈ ಕೇಳಿಸುತ್ತಿರಲಿಲ್ಲ.

ಲೆಕೇನ್ 1945ರಿಂದ 1948ರವರೆಗೆ ಕಟ್ಟಿದ ವಾದ್ಯ ಇದಕ್ಕೆ ಉತ್ತರ. ಟ್ರೊಂಬೋನಿನ ಪೂರ್ವಜವಾದ ಒಂದು ಹಳೆಯ ತುತ್ತೂರಿಯ ಹೆಸರನ್ನೇ ಅದಕ್ಕಿಟ್ಟು, ಎಲೆಕ್ಟ್ರಾನಿಕ್ ಸ್ಯಾಕ್‌ಬಟ್ ಎಂದು ಕರೆದರು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ವಾದ್ಯ ಅದು. ಬಲಗೈ ಕೀಲಿಯನ್ನು ಹೆಚ್ಚು ಒತ್ತಿದರೆ ನಾದ ಬಲವಾಗುತ್ತದೆ. ಅದೇ ಕೀಲಿಯನ್ನು ಪಕ್ಕಕ್ಕೆ ತಳ್ಳಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಎಡಗೈಯ ಬೆರಳುಗಳು ಅಷ್ಟರಲ್ಲಿ ಧ್ವನಿಯ ಬಣ್ಣವನ್ನು ಬದಲಿಸುತ್ತಿರುತ್ತವೆ. ಇದೆಲ್ಲ ಸಾಧ್ಯವಾದದ್ದು ಒಂದು ಸರಳವಾದ ಉಪಾಯದಿಂದ. ಗುಂಡಿಯನ್ನು ತಿರುಗಿಸಿ ಸ್ವರವನ್ನು ಗೊತ್ತುಮಾಡುವುದಕ್ಕೆ ಬದಲು, ಒಂದು ವೋಲ್ಟೇಜು ಅದನ್ನು ಆಳುವಂತೆ ಅವರು ಮಾಡಿದರು. ಬೆರಳಿನ ಒತ್ತಡ ವೋಲ್ಟೇಜಾಗುತ್ತದೆ. ವೋಲ್ಟೇಜು ಏರಿಳಿದಂತೆ ನಾದವೂ ಏರಿಳಿಯುತ್ತದೆ.

ವಾದ್ಯ ಸಿದ್ಧವಾದ 1948ರಲ್ಲಿಯೇ ಅವರು ಪರಮಾಣು ಭೌತವಿಜ್ಞಾನದ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ತೆರಳಬೇಕಾಯಿತು. ಡಾಕ್ಟರೇಟ್ ಪಡೆದು 1952ರಲ್ಲಿ ಹಿಂದಿರುಗಿದರು. ತಮ್ಮ ವಾದ್ಯಗಳನ್ನು ಸಾರ್ವಜನಿಕರ ಮುಂದೆ ನುಡಿಸಿ ತೋರಿಸಿದಾಗ ದೊರೆತ ಮನ್ನಣೆಯನ್ನು ಕಂಡು, ಸಂಶೋಧನಾ ಮಂಡಲಿ 1954ರಲ್ಲಿ ಅವರಿಗೆ ಪೂರ್ಣಕಾಲ ಸಂಗೀತದ ಕೆಲಸವನ್ನೇ ಒಪ್ಪಿಸಿತು. ವಿಜ್ಞಾನ ಸಂಸ್ಥೆಯೊಂದು ತೋರಿದ ಈ ಔದಾರ್ಯ ಎಲ್ಲ ದೇಶಗಳಲ್ಲಿಯೂ ಕಾಣಸಿಗುವಂಥದಲ್ಲ. ಮರುವರ್ಷ ಅವರು ಡ್ರಿಪ್‌ಸಡಿ ಎಂಬ ಕಿರುಕೃತಿಯನ್ನು ರಚಿಸಿದರು. ನೀರಿನ ಒಂದೇ ಒಂದು ಹನಿ ಬಿದ್ದ ಸದ್ದನ್ನು ಟೇಪಿನಲ್ಲಿ ಹಿಡಿದು, ತಾವೇ ನಿರ್ಮಿಸಿದ ಯಂತ್ರದಲ್ಲಿ ಅದರ ವೇಗವನ್ನು ಹೆಚ್ಚು ಕಡಿಮೆ ಮಾಡಿ, ಹನಿಯಿಂದ ಮಳೆಯನ್ನೇ ಸುರಿಸಿದರು. ಎರಡು ನಿಮಿಷವೂ ಸಾಗದ ಆ ಕೃತಿ ಇಂದಿಗೂ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ 1959ರಲ್ಲಿಯೂ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ 1964ರಲ್ಲಿಯೂ ವಿದ್ಯುತ್ ಸಂಗೀತದ ಶಾಲೆಗಳು ತೆರೆದಾಗ, ಅಲ್ಲಿ ನಿಂತವು ಲೆಕೇನ್ ಮಾಡಿಕೊಟ್ಟ ಯಂತ್ರಗಳು.

ಆ ಹೊತ್ತಿಗೆ ಅಮೆರಿಕದಲ್ಲಿ ಮೋಗ್ ಮತ್ತು ಡಾನ್ ಬುಕ್ಲಾ ತಮ್ಮ ತಮ್ಮ ದಾರಿಯಲ್ಲಿ ಹೊಸದೊಂದನ್ನು ಕಟ್ಟತೊಡಗಿದ್ದರು. ಒಂದು ಭಾಗದ ವೋಲ್ಟೇಜು ಇನ್ನೊಂದನ್ನು ಆಳಬಲ್ಲದಾದರೆ, ಎಲ್ಲ ಭಾಗಗಳನ್ನೂ ಒಂದೇ ವಾದ್ಯದೊಳಗೆ ಬಂಧಿಸುವ ಅಗತ್ಯವೇನು? ನಾದ ಹುಟ್ಟಿಸುವುದು ಒಂದು ಮಾಡ್ಯೂಲ್, ಸೋಸುವುದು ಇನ್ನೊಂದು, ಬಲ ಕೊಡುವುದು ಮತ್ತೊಂದು. ನಡುವೆ ಜೋಡಣೆಗೆ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿದ್ದಂಥ, ಎರಡು ತುದಿಗೂ ಪ್ಲಗ್ಗಿರುವ ಪ್ಯಾಚ್ ಕೇಬಲ್ಲುಗಳು. ಇಂದು ಲೋಕದ ನಾನಾ ಕಡೆ ಹವ್ಯಾಸಿಗಳು ಇಂಥ ಮಾಡ್ಯೂಲುಗಳನ್ನು ಮನೆಯಲ್ಲಿಯೇ ಬೆಸೆದು ಕಟ್ಟುತ್ತಾರೆ. ಕೇಬಲ್ಲುಗಳನ್ನು ಉದ್ದಕ್ಕೆ ತಕ್ಕಂತೆ, ಬಣ್ಣಕ್ಕೆ ತಕ್ಕಂತೆ ಗೋಡೆಯ ಗೂಟಗಳಿಗೆ ನೇತುಹಾಕುತ್ತಾರೆ. ಅದು ಬರಿಯ ಅಚ್ಚುಕಟ್ಟಿನ ಹಂಬಲವಲ್ಲ. ಕೇಬಲ್ಲುಗಳ ಜೋಡಣೆಯೇ ಅಲ್ಲಿ ವಾದ್ಯ. ಅವನ್ನು ಕಿತ್ತರೆ ಆ ಧ್ವನಿ ಹೋಯಿತು; ಯಾವುದು ಎಲ್ಲಿಂದ ಎಲ್ಲಿಗೆ ಹೋಗಿತ್ತೆಂದು ಬರೆದಿಟ್ಟುಕೊಳ್ಳದಿದ್ದರೆ ಮರಳಿ ಪಡೆಯುವುದು ಕಷ್ಟ.

ಈ ಕ್ರಮದಿಂದ ದೊರೆತ ಸ್ವಾತಂತ್ರ್ಯ ಅಪಾರ. ಆದರೆ ಕಳೆದುಹೋದದ್ದೂ ಉಂಟು. ಮಾರಾಟಕ್ಕೆ ಬಂದ ಸಿಂಥಸೈಜರ್‌ಗಳಲ್ಲಿ ಬಹುಕಾಲ ಕೀಲಿ ಎಂದರೆ ಮತ್ತೆ ಹಾರ್ಮೋನಿಯಮ್ಮಿನ ಕೀಲಿಯೇ ಆಯಿತು. ಸ್ವರವನ್ನು ಬಾಗಿಸಲು ಬೇರೊಂದು ಚಕ್ರವನ್ನೋ ಪಟ್ಟಿಯನ್ನೋ ಹುಡುಕಬೇಕಾಯಿತು. ಲೆಕೇನ್ ಯಾವುದನ್ನು ಮೊದಲು ಇಟ್ಟಿದ್ದರೋ ಅದು ಹಿಂದಕ್ಕೆ ಸರಿಯಿತು. ಸ್ಯಾಕ್‌ಬಟ್ಟನ್ನು ಹೊಸದಾಗಿ ರೂಪಿಸಿ ಮಾರುಕಟ್ಟೆಗೆ ತರುವ ಯತ್ನ 1970ರ ದಶಕದ ಆರಂಭದಲ್ಲಿ ನಡೆಯಿತು; ಕೈಗೂಡಲಿಲ್ಲ. ಅವರು 1974ರಲ್ಲಿ ನಿವೃತ್ತರಾದರು. ಮೋಟಾರ್ ಸೈಕಲ್ ಸವಾರಿ ಅವರ ಇನ್ನೊಂದು ಪ್ರೀತಿ. 1976ರಲ್ಲಿ ಅದೇ ಅಪಘಾತಕ್ಕೆ ಕಾರಣವಾಯಿತು. ಮರುವರ್ಷ, 63ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರದು ಸೋತ ಬಾಳೆಂದು ಬಗೆಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಒತ್ತಡವನ್ನೂ ಪಕ್ಕದ ಚಲನೆಯನ್ನೂ ಗ್ರಹಿಸುವ ಕೀಲಿಗಳ ವಾದ್ಯಗಳು ಈ ಶತಮಾನದಲ್ಲಿ ಅಂಗಡಿಗಳಿಗೆ ಬಂದಿವೆ. ಅವುಗಳ ಮೇಲೆ ಗಮಕವನ್ನು ಹುಡುಕುವುದು ಈಗ ಸಾಧ್ಯವಾಗಿದೆ. ಯಂತ್ರ ಎಷ್ಟೇ ಜಾಣತನದ್ದಾಗಲಿ, ಬೆರಳಿನ ಸಣ್ಣ ನಡುಕಕ್ಕೂ ಅದು ಓಗೊಡಬೇಕು ಎಂಬ ಹಟವೊಂದೇ ಲೆಕೇನ್ ಅವರ ಆಸ್ತಿ. ಆ ಹಟದಿಂದ ಹುಟ್ಟಿದ ಮೊದಲ ಸ್ಯಾಕ್‌ಬಟ್ ಇಂದು ಕೆನಡಾದ ವಿಜ್ಞಾನ ತಂತ್ರಜ್ಞಾನ ವಸ್ತುಸಂಗ್ರಹಾಲಯದ ಸೊತ್ತು. ನಯಗಾರಿಕೆಯಿಲ್ಲದ ಮರದ ಚೌಕಟ್ಟು, ಅದರ ಮೇಲೊಂದು ಕೀಲಿಮಣೆ. ಮನೆಯಲ್ಲಿ ಮಾಡಿದ ವಸ್ತುವೆಂದು ನೋಡಿದೊಡನೆಯೇ ತಿಳಿಯುತ್ತದೆ.