ಹಿಮದ ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದ ಕೊಡಗಿನ ಜನರಲ್ ತಿಮ್ಮಯ್ಯ

ಹಿಮದ ಮೇಲೆ ಓಡುವ ವಾಹನ ಎಂದರೆ ಈಗ ನೆನಪಾಗುವುದು ಗುಲ್ಮಾರ್ಗ್‌ನ ಸ್ನೋಮೊಬೈಲ್ ಸವಾರಿ. ಆದರೆ 1948ರಲ್ಲೇ 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಯುದ್ಧ ಟ್ಯಾಂಕ್‌ಗಳನ್ನು ಹತ್ತಿಸಿ, ಲಡಾಖ್ ಕೈತಪ್ಪದಂತೆ ನೋಡಿಕೊಂಡವರು ನಮ್ಮ ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಹೋರಾಡಿದರು.

1948ರಲ್ಲಿ ದ್ರಾಸ್, ಕಾರ್ಗಿಲ್ ಶತ್ರುಗಳ ವಶವಾಗಿ ಶ್ರೀನಗರ-ಲೇಹ್ ರಸ್ತೆ ಕಡಿದುಹೋಯಿತು. ಜೋಜಿಲಾ ತೆರವಿಗೆ ಸೆಪ್ಟೆಂಬರ್‌ನಲ್ಲಿ ಕಾಲಾಳು ಪಡೆ ನಡೆಸಿದ ದಾಳಿ ಫಲಿಸಲಿಲ್ಲ. ಚಳಿಗಾಲಕ್ಕೆ ಮುನ್ನ ದಾರಿ ತೆರೆಯದಿದ್ದರೆ ಲೇಹ್‌ ಉಳಿಸಿಕೊಳ್ಳುವುದೇ ಕಷ್ಟವಾಗುತ್ತಿತ್ತು. ಆಗ ತಿಮ್ಮಯ್ಯ ಅವರು ಟ್ಯಾಂಕ್ ಬಳಸಲು ನಿರ್ಧರಿಸಿದರು. ಅಷ್ಟು ಎತ್ತರದಲ್ಲಿ ಜಗತ್ತಿನ ಯಾವ ಸೇನೆಯೂ ಅದುವರೆಗೆ ಟ್ಯಾಂಕ್ ಬಳಸಿರಲಿಲ್ಲ.

ಸೇತುವೆಗಳು ಭಾರ ತಾಳಲೆಂದು, ಶತ್ರುವಿಗೆ ಸುಳಿವು ಸಿಗದಿರಲೆಂದು ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ಫಿರಂಗಿ ಗೋಪುರಗಳನ್ನು ಬಿಚ್ಚಿ ಗುಟ್ಟಾಗಿ ಸಾಗಿಸಲಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಬೆಂಗಳೂರು ಮೂಲದ, ಆಂಧ್ರ ಸೇರಿ ದಕ್ಷಿಣದ ಯೋಧರಿದ್ದ ಮದ್ರಾಸ್ ಸ್ಯಾಪರ್ಸ್ ಅದನ್ನೇ ಅಗಲಗೊಳಿಸಿ ಟ್ಯಾಂಕ್ ಹತ್ತುವಂತೆ ಮಾಡಿತು. ಟ್ಯಾಂಕ್‌ನ ಟ್ರ್ಯಾಕ್ ಪಟ್ಟಿ ಭಾರವನ್ನು ಹಂಚುವುದರಿಂದ ಅದು ಚಕ್ರದ ವಾಹನದಷ್ಟು ಸುಲಭವಾಗಿ ಹಿಮದಲ್ಲಿ ಹೂತುಹೋಗದು. ಸ್ನೋಮೊಬೈಲ್ ಓಡುವುದೂ ಇದೇ ಸೂತ್ರದಿಂದ.

ಹಿಮಪಾತದಿಂದಾಗಿ ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕ್‌ನಲ್ಲಿ ಮೇಜರ್ ಜನರಲ್ ತಿಮ್ಮಯ್ಯ ಅವರೇ ಇದ್ದರು. ಟ್ಯಾಂಕ್ ಬರಬಹುದೆಂದು ಎಣಿಸದ ಶತ್ರುಪಡೆ ಹಿಮ್ಮೆಟ್ಟಿತು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಮತ್ತೆ ಭಾರತದ ಕೈಸೇರಿ ಲೇಹ್ ಸಂಪರ್ಕ ಮರಳಿತು.

ಮುಂದೆ ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿ ಆಯೋಗದ ಮುಖ್ಯಸ್ಥರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ನಿಧನರಾದರು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. 2021ರಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಮಡಿಕೇರಿಗೆ ಹೋದವರು ರಾಜಾಸೀಟಿನ ಜತೆಗೆ ಈ ಮನೆಯನ್ನೂ ನೋಡಿ ಬರಬಹುದು.