ಕ್ಲೇನಿ ಅವರ ನಕ್ಷತ್ರ

ಪೈಥಾನ್‌ನಲ್ಲಿ ಒಂದು ಪದವನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು ಸುಲಭ. ಆದರೆ ಹುಡುಕುವ ಪದವೇ ಎಲ್ಲ ಕಡೆ ಒಂದೇ ಥರ ಇಲ್ಲದಿದ್ದರೆ? ಹುಸೇನ್ ಎಂಬ ಹೆಸರನ್ನೇ ನೋಡಿ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಬರೆದರೆ ಅದಕ್ಕೆ ಒಂದೇ ಕಾಗುಣಿತ. ಕನ್ನಡದ ಪಟ್ಟಿಗೆ ಬಂದಾಗ ಹುಸೇನ್, ಹುಸೈನ್, ಹುಸ್ಸೇನ್ ಎಂದು ಮೂರಾಗುತ್ತದೆ. ಹು(ಸೇ|ಸೈ|ಸ್ಸೇ)ನ್ ಎಂದು ಬರೆದರೆ ಮೂರೂ ಒಟ್ಟಿಗೆ ಸಿಗುತ್ತವೆ, ಒಂದೇ ಆಜ್ಞೆಯಲ್ಲಿ ಬದಲಾಯಿಸಬಹುದು. ಇಂಥ ಬರಹಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಇದನ್ನು ಕೊಟ್ಟವರು ಅಮೆರಿಕದ ಗಣಿತಜ್ಞ ಸ್ಟೀಫನ್ ಕೋಲ್ ಕ್ಲೇನಿ.

ಅವರು 1909ರ ಜನವರಿ 5ರಂದು ಹಾರ್ಟ್‌ಫರ್ಡ್ ನಗರದಲ್ಲಿ ಹುಟ್ಟಿದರು. ತಾಯಿ ಕವಯಿತ್ರಿ. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು (ಕಾಮರ್ಸ್ ಓದುವ ನಮಗೆ ಇದು ಸ್ವಲ್ಪ ಹೆಮ್ಮೆಯ ವಿಷಯ!). ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಪದವಿ ಮುಗಿಸಿ, ಪ್ರಿನ್ಸ್‌ಟನ್‌ನಲ್ಲಿ ಅಲಾಂಜೊ ಚರ್ಚ್ ಎಂಬ ಗುರುಗಳ ಬಳಿ 1934ರಲ್ಲಿ ಡಾಕ್ಟರೇಟ್ ಪಡೆದರು. ಚರ್ಚ್ ಅವರು ರೂಪಿಸಿದ ಲ್ಯಾಂಬ್ಡಾ ಎಂಬ ಹೊಸ ಲೆಕ್ಕದ ಪದ್ಧತಿಯಲ್ಲಿ ಒಂದು ಸಂಖ್ಯೆಯಿಂದ 1 ಕಳೆಯುವುದೇ ದೊಡ್ಡ ಸಮಸ್ಯೆಯಾಗಿತ್ತು. ಅದು ಆಗುವುದೇ ಇಲ್ಲವೆಂದು ಗುರುಗಳೇ ನಂಬುವ ಹಂತಕ್ಕೆ ಬಂದಿದ್ದರು. ಶಿಷ್ಯನಿಗೆ ಅದರ ಉಪಾಯ ಹೊಳೆದದ್ದು ದಂತವೈದ್ಯರಲ್ಲಿ ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಗ!

1935ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗೆ ಸೇರಿ ಹಡಗು ನಡೆಸುವ ದಿಕ್ಕಿನ ಲೆಕ್ಕವನ್ನು ಕಲಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ವಿಸ್ಕಾನ್ಸಿನ್.

ನಮಗೆ ಬೇಕಾದ ಕೆಲಸ ನಡೆದದ್ದು 1951ರ ಬೇಸಿಗೆಯಲ್ಲಿ, ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. ಮೆಕಲಕ್ ಮತ್ತು ಪಿಟ್ಸ್ ಎಂಬ ಇಬ್ಬರು 1943ರಲ್ಲಿ ಮಿದುಳಿನ ನರಕೋಶಗಳಿಗೆ ಗಣಿತದ ಒಂದು ಮಾದರಿ ಮಾಡಿದ್ದರು. ಆ ನರಜಾಲ ಎಂಥೆಂಥ ಘಟನೆಗಳ ಸರಣಿಯನ್ನು ಗುರುತಿಸಬಲ್ಲದು ಎಂಬುದು ಕ್ಲೇನಿ ಅವರ ಪ್ರಶ್ನೆ. ಮೂರು ಕ್ರಿಯೆಗಳು ಸಾಕು ಎಂದು ಅವರು ಸಾಧಿಸಿದರು. ಇದು ಅಥವಾ ಅದು, ಒಂದರ ಹಿಂದೆ ಇನ್ನೊಂದು, ಮತ್ತು ಅದೇ ಎಷ್ಟು ಸಲ ಬೇಕಾದರೂ ಮರಳಿ ಬರುವುದು. ಈ ಮೂರನೆಯದರ ಗುರುತೇ * ಚಿಹ್ನೆ. ಇಂದಿಗೂ ಅದಕ್ಕೆ ಕ್ಲೇನಿ ನಕ್ಷತ್ರ ಎಂದೇ ಹೆಸರು. ಎಷ್ಟು ಸಲ ಎಂದರೆ ಸೊನ್ನೆ ಸಲವೂ ಸೇರಿತು. ಇದನ್ನು ಮರೆತವರಿಗೆ ಲ್ಯಾಬಿನಲ್ಲಿ ಫಜೀತಿ. ಬ* ಇದ್ದಲ್ಲಿ ಗೆರೆ ಹಾಕು ಎಂದರೆ, ಒಂದೂ ಬ ಇಲ್ಲದ ಪದದಲ್ಲೂ ಅಕ್ಷರ ಅಕ್ಷರದ ನಡುವೆ ಗೆರೆ ಬಂದು ಕೂರುತ್ತದೆ.

ಇಂಥ ಸರಣಿಗಳನ್ನು ರೆಗ್ಯುಲರ್ ಎಂದು ಕರೆದರೂ ಆ ಹೆಸರು ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಇನ್ನೂ ಅರ್ಥವತ್ತಾದ ಹೆಸರಿದ್ದರೆ ತಿಳಿಸಿ ಎಂದು ಆ ಬರಹದಲ್ಲೇ ಓದುಗರನ್ನು ಕೇಳಿಕೊಂಡಿದ್ದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಬರಹ ಪುಸ್ತಕವೊಂದರಲ್ಲಿ ಅಚ್ಚಾದದ್ದು 1956ರಲ್ಲಿ. ಕೆನ್ ಥಾಂಪ್ಸನ್ ಎಂಬ ಪ್ರೋಗ್ರಾಮರ್ ಅದನ್ನು ಪಠ್ಯ ತಿದ್ದುವ ತಂತ್ರಾಂಶಕ್ಕೆ ತಂದು, ಹುಡುಕುವ ವಿಧಾನವನ್ನು 1968ರಲ್ಲಿ ಪ್ರಕಟಿಸಿದರು. ನರಕೋಶದ ಗಣಿತ ಹೀಗೆ ಕಾಗುಣಿತ ತಿದ್ದುವ ಸಾಧನವಾಯಿತು.

ಕ್ಲೇನಿ ಬೆಟ್ಟ ಹತ್ತುವುದರಲ್ಲಿ ಬಹಳ ಆಸಕ್ತರು. 1979ರಲ್ಲಿ ನಿವೃತ್ತರಾದರು, 1990ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. 1994ರ ಜನವರಿ 25ರಂದು ಮ್ಯಾಡಿಸನ್‌ನಲ್ಲಿ ತೀರಿಕೊಂಡರು.

ಅವರ ಹೆಸರಿನದೂ ಒಂದು ಕಥೆಯಿದೆ. ಇಂಗ್ಲಿಷ್ ಅಕ್ಷರ ನೋಡಿದವರು ಕ್ಲೀನ್ ಎಂದೋ ಕ್ಲೀನಿ ಎಂದೋ ಓದುತ್ತಾರೆ. ಅವರು ಮಾತ್ರ ಕ್ಲೇನಿ ಎನ್ನುತ್ತಿದ್ದರು. ತನಗೆ ಗೊತ್ತಿರುವಂತೆ ಯಾವ ಭಾಷೆಯಲ್ಲೂ ಈ ಉಚ್ಚಾರಣೆ ಸರಿಯಲ್ಲ, ಬಹುಶಃ ಅದು ತಂದೆಯೇ ಕಂಡುಹಿಡಿದದ್ದು ಎಂದು ಅವರ ಮಗ ಬರೆದಿದ್ದಾರೆ.

ಇದನ್ನು ಓದಿದಾಗ ನನಗೆ ನನ್ನದೇ ತಪ್ಪು ನೆನಪಾಯಿತು. ಒಂದು ಸ್ಪರ್ಧೆಯ ಪ್ರಮಾಣಪತ್ರಗಳಿಗೆ ಹೆಸರಿನ ಪಟ್ಟಿ ಮಾಡುವಾಗ ಮೇಲಿನ ಸಾಲನ್ನೇ ಬಳಸಿ ಎಲ್ಲರನ್ನೂ ಹುಸೇನ್ ಮಾಡಿದ್ದೆ. ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಒಬ್ಬ ಗೆಳೆಯನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹುಸೈನ್ ಎಂದಿತ್ತು. ಅವನ ಪ್ರಮಾಣಪತ್ರವನ್ನು ಮತ್ತೆ ಮುದ್ರಿಸಬೇಕಾಯಿತು. ಈಗ ನಾನು ಬದಲಾಯಿಸುವ ಮೊದಲು ಹುಡುಕಿ ಮಾತ್ರ ನೋಡುತ್ತೇನೆ, ಸಿಕ್ಕಿದ ಒಬ್ಬೊಬ್ಬರನ್ನೂ ಕೇಳಿಯೇ ತಿದ್ದುತ್ತೇನೆ.